ಪುಸ್ತಕದ ಬದನೆಕಾಯಿ ಎನ್ನುವವರಿಗೆ

ಐಟಿ ಕಾರ್ಯತಂತ್ರ ಯೋಜನೆಯ ಬಗ್ಗೆ ವಿಶ್ವವಿದ್ಯಾಲಯಗಳು ನಡೆಸುವ ಸಂಶೋಧನೆಯೆಲ್ಲ ಪುಸ್ತಕದ ಬದನೆಕಾಯಿ ಎಂಬ ಮಾತು ನ್ಯೂಯಾರ್ಕ್–ನ್ಯೂಜೆರ್ಸಿಯ ನಮ್ಮ ಕನ್ನಡ ಬಳಗದಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಹೇಳುವವರು ಅಲ್ಪಸ್ವಲ್ಪ ತಿಳಿದವರಲ್ಲ. ಎಡಿಸನ್, ಜೆರ್ಸಿ ಸಿಟಿಗಳಲ್ಲಿ ಮನೆ ಮಾಡಿಕೊಂಡು ಬ್ಯಾಂಕು, ಔಷಧ ಕಂಪನಿ, ಸರ್ಕಾರಿ ಇಲಾಖೆಗಳಿಗೆ ವರ್ಷಗಟ್ಟಲೆ ಸಾಫ್ಟ್‌ವೇರ್ ಕಟ್ಟಿಕೊಟ್ಟವರು. ಅದಕ್ಕೇ ಅವರ ವಾದಗಳಿಗೆ ಒಂದೊಂದಾಗಿ ಉತ್ತರ ಹೇಳಬೇಕೆನಿಸಿದೆ.

ಮೊದಲ ಆಕ್ಷೇಪ: ಪ್ರೊಫೆಸರುಗಳಿಗೆ ಕಚೇರಿಯ ಒಳಗುಟ್ಟು ಗೊತ್ತಿಲ್ಲ. ಈ ಮಾತಿಗೆ ಆಧಾರವಿಲ್ಲ. ಈ ವಿದ್ಯೆಯ ಮೂಲ ವಿಧಾನಗಳಲ್ಲೊಂದಾದ ಬಿಸಿನೆಸ್ ಸಿಸ್ಟಮ್ಸ್ ಪ್ಲಾನಿಂಗ್ ರೂಪುಗೊಂಡದ್ದು ಯಾವ ಕಾಲೇಜಿನಲ್ಲೂ ಅಲ್ಲ, ಐಬಿಎಂನಲ್ಲಿ. ಆ ಕಂಪನಿಯ ಕೇಂದ್ರ ಕಚೇರಿ ಇಲ್ಲೇ ನ್ಯೂಯಾರ್ಕ್ ರಾಜ್ಯದ ಆರ್ಮಾಂಕ್‌ನಲ್ಲಿದೆ. ಅಂಥ ವಿಧಾನಗಳನ್ನು ಬಳಸಿದ ಸಂಸ್ಥೆಗಳ ಗತಿ ಏನಾಯಿತೆಂದು ಸಂಶೋಧಕರಾದ ಆಲ್ಬರ್ಟ್ ಲೆಡರರ್ ಮತ್ತು ವಿಜಯ್ ಸೇಥಿ ಆ ಸಂಸ್ಥೆಗಳನ್ನೇ ಕೇಳಿ 1988ರಲ್ಲಿ ಪ್ರಕಟಿಸಿದರು. ಪ್ಲಾನಿನಲ್ಲಿ ಬರೆದಿದ್ದ ಪ್ರಾಜೆಕ್ಟುಗಳ ಪೈಕಿ ಶುರುವಾಗಿದ್ದದ್ದು ಶೇ. 24 ಮಾತ್ರ. ಎಲ್ಲಕ್ಕಿಂತ ದೊಡ್ಡ ತೊಡಕು ಯಾವುದೆಂದರೆ, ಪ್ಲಾನನ್ನು ಜಾರಿಗೆ ತರಲು ಮೇಲಧಿಕಾರಿಗಳ ಬದ್ಧತೆ ಸಿಗದಿರುವುದು. ಕಚೇರಿಯಲ್ಲಿ ಕೂತ ಯಾರಿಗಾದರೂ ಇದು ತಮ್ಮದೇ ಅನುಭವ ಅನ್ನಿಸದೆ ಇರಲಾರದು. ಹಡ್ಸನ್ ನದಿಯ ಈ ದಡದ ಹೊಬೊಕನ್‌ನಲ್ಲಿ, ಸ್ಟೀವನ್ಸ್ ಸಂಸ್ಥೆಯಲ್ಲಿ ಪಾಠ ಮಾಡಿದ ಜೆರ್ರಿ ಲುಫ್ಟ್‌ಮನ್ ಕೂಡ ಐಬಿಎಂನಲ್ಲಿ ದೀರ್ಘಕಾಲ ದುಡಿದು ಬಂದವರೇ. ಐಟಿ ಮತ್ತು ವ್ಯವಹಾರಗಳ ನಡುವಿನ ಹೊಂದಾಣಿಕೆಯನ್ನು ಅಳೆಯಲು ಅವರು ಕೊಟ್ಟ ಆರು ಮಾನದಂಡಗಳಲ್ಲಿ ಮಾತುಕತೆ, ಅಧಿಕಾರ ಹಂಚಿಕೆ, ಪಾಲುದಾರಿಕೆ, ಕೌಶಲಗಳಿಗೆ ತಂತ್ರಜ್ಞಾನದಷ್ಟೇ ತೂಕವಿದೆ.

ಎರಡನೆಯ ಆಕ್ಷೇಪವನ್ನು ಹೆಚ್ಚು ಜನ ಆಡುತ್ತಾರೆ: ದೊಡ್ಡ ಪ್ರಾಜೆಕ್ಟುಗಳನ್ನು ಮುಳುಗಿಸುವುದು ಕಳ್ಳತನ, ಅದನ್ನು ಯಾವ ಸಿದ್ಧಾಂತ ತಡೆದೀತು? ಉದಾಹರಣೆಗೆ ಸಿಟಿಟೈಮ್ ಇದ್ದೇ ಇದೆ. ನ್ಯೂಯಾರ್ಕ್ ನಗರದ ನೌಕರರ ಹಾಜರಿ ಲೆಕ್ಕವನ್ನು ಕಾಗದದಿಂದ ಕಂಪ್ಯೂಟರಿಗೆ ತರುವ ಕೆಲಸ ಅದು. 1998ರಲ್ಲಿ ಹೊರಟಾಗ ಅಂದಾಜು 6.3 ಕೋಟಿ ಡಾಲರ್. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದು 70 ಕೋಟಿಯ ಹತ್ತಿರ ಬಂದಿತ್ತು. 2010ರ ಡಿಸೆಂಬರಿನಲ್ಲಿ ಬಂಧನಗಳಾದವು. 2012ರಲ್ಲಿ ಗುತ್ತಿಗೆದಾರ ಎಸ್‌ಎಐಸಿ 50 ಕೋಟಿ ಡಾಲರ್ ಕಟ್ಟಲು ಒಪ್ಪಿತು. 2014ರಲ್ಲಿ ಮೂವರಿಗೆ ತಲಾ 20 ವರ್ಷ ಜೈಲಾಯಿತು.

ಕಳ್ಳತನ ನಡೆದದ್ದು ನಿಜ. ಆದರೆ ಕಳ್ಳನಿಗೆ ಬಾಗಿಲು ತೆರೆದವರು ಯಾರು? ಗುತ್ತಿಗೆದಾರರ ಕೆಲಸದ ಗುಣಮಟ್ಟ ನೋಡಲು ನಗರಾಡಳಿತ ನೇಮಿಸಿದ್ದು ತನ್ನ ಅಧಿಕಾರಿಗಳನ್ನಲ್ಲ, ಇನ್ನೊಂದು ಹೊರಗಿನ ಕಂಪನಿಯ ಸಲಹೆಗಾರರನ್ನು. ಲಂಚದ ಜಾಲದ ನಡುವೆ ಸಿಕ್ಕಿಬಿದ್ದದ್ದು ಅಂಥ ಸಲಹೆಗಾರನೇ. ನಡುವೆ ಒಪ್ಪಂದದ ರೀತಿಯೂ ಬದಲಾಗಿ, ಮೀರಿದ ಖರ್ಚಿನ ಹೊರೆ ಗುತ್ತಿಗೆದಾರರ ಹೆಗಲಿಂದ ನಗರದ ಬೊಕ್ಕಸಕ್ಕೆ ಜಾರಿತು. ಈ ವ್ಯವಸ್ಥೆ ನನ್ನದು, ಇದರ ಪ್ರತಿ ಡಾಲರಿಗೂ ನಾನು ಹೊಣೆ ಎನ್ನುವ ಮೇಲಧಿಕಾರಿ ಒಳಗೆ ಇದ್ದಿದ್ದರೆ ಹತ್ತು ಪಟ್ಟು ಏರುವವರೆಗೂ ಕಾಯುತ್ತಿದ್ದರೇ? ಲೆಡರರ್ ಮತ್ತು ಸೇಥಿ ಬೆರಳಿಟ್ಟು ತೋರಿಸಿದ್ದು ಇದೇ ಬಿರುಕನ್ನು, ಸಿಟಿಟೈಮ್ ಹುಟ್ಟುವುದಕ್ಕೆ ಹತ್ತು ವರ್ಷ ಮುಂಚೆ.

ಹಾಗೆ ಹೊಣೆ ಹೊತ್ತರೆ ಏನಾಗುತ್ತದೆ ಎಂಬುದನ್ನು ನಮ್ಮವರಿಗೆ ದೂರದಿಂದ ತೋರಿಸಬೇಕಿಲ್ಲ. ಕರ್ನಾಟಕದಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ತೊಂಬತ್ತರ ದಶಕದ ಆರಂಭದಲ್ಲೇ ನಡೆದಿತ್ತು, ಫಲ ಕೊಡಲಿಲ್ಲ. ರಾಜೀವ್ ಚಾವ್ಲಾ ಅವರ ನೇತೃತ್ವದ ‘ಭೂಮಿ’ ಯೋಜನೆ ಗೆದ್ದದ್ದು ಗ್ರಾಮ ಲೆಕ್ಕಿಗರನ್ನು ಕೆಲಸದೊಳಗೆ ಎಳೆದುಕೊಂಡು, ದತ್ತಾಂಶದ ಸತ್ಯಾಸತ್ಯತೆಗೆ ಅವರನ್ನೇ ಹೊಣೆ ಮಾಡಿ, ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿದ ಮೇಲೆ. ರೈತ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಪ್ರತಿ ಪಡೆದ. ಇಲಾಖೆಯ ಕೆಲಸದ ರೀತಿಯೇ ಬದಲಾಗಿತ್ತು, ಕಂಪ್ಯೂಟರ್ ಅದಕ್ಕೆ ಜೊತೆಯಾಯಿತು.

ಮೂರನೆಯದು ಕೋಬಾಲ್ ವಾದ: ತಂತ್ರಜ್ಞಾನ ಹಳತಾಗಿದೆ, ಪ್ಲಾನ್ ಏನು ಮಾಡೀತು? 2020ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯಪಾಲ ಫಿಲ್ ಮರ್ಫಿ ಅವರು ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಸ್ವಯಂಸೇವಕರು ಬೇಕೆಂದು ಕರೆ ಕೊಟ್ಟರು. ನಿರುದ್ಯೋಗ ಭತ್ಯೆಗಾಗಿ ಜನ ಮುಗಿಬಿದ್ದಿದ್ದರು, ನಲವತ್ತು ವರ್ಷ ದಾಟಿದ ಮೇನ್‌ಫ್ರೇಮ್ ಎಲ್ಲರ ಬಾಯಲ್ಲೂ ಅಪರಾಧಿಯಾಯಿತು. ಆದರೆ ಕೈಕೊಟ್ಟದ್ದು ಹಳೆಯ ಕೋಬಾಲ್ ಅಲ್ಲ, ಜನ ಅರ್ಜಿ ತುಂಬುವ ವೆಬ್‌ಸೈಟ್ ಎಂದು ತಂತ್ರಜ್ಞಾನ ಇತಿಹಾಸಕಾರ ಮಾರ್ ಹಿಕ್ಸ್ ವಾದಿಸಿದ್ದಾರೆ. ಅದು ಹೇಗೇ ಇರಲಿ, ವರ್ಷ ವರ್ಷವೂ ಬದಲಾವಣೆ ಮುಂದೂಡಿದ್ದು ಮನುಷ್ಯರ ನಿರ್ಧಾರ. ಅದನ್ನು ಯಂತ್ರದ ತಲೆಗೆ ಕಟ್ಟುವುದು ಅನ್ಯಾಯ. ಆಮೇಲೆ ಪರಿಸ್ಥಿತಿ ಸುಧಾರಿಸಲು ಕೈಹಾಕಿದವರು ಯಾರು ನೋಡಿ: ರಾಜ್ಯದ ಮೊದಲ ಮುಖ್ಯ ಇನ್ನೋವೇಶನ್ ಅಧಿಕಾರಿಯಾಗಿ 2018ರಲ್ಲಿ ಬಂದ ಬೆತ್ ನೋವೆಕ್ ಅವರ ಕಚೇರಿ. ಕಾರ್ಮಿಕ ಇಲಾಖೆಯ ಜೊತೆ ಕೂತು, ಅರ್ಜಿಯನ್ನು ಅದನ್ನು ತುಂಬುವ ಜನರ ಮುಂದಿಟ್ಟು ಪರೀಕ್ಷಿಸಿ, ಅದರ ಭಾಷೆಯನ್ನು ಸರಳ ಮಾಡಿದರು. ನೋವೆಕ್ ಪ್ರೊಫೆಸರ್.

ಸಾಫ್ಟ್‌ವೇರನ್ನು ತುಣುಕು ತುಣುಕಾಗಿ ಕಟ್ಟುವ ಅಜೈಲ್ ವಿಧಾನ ಬಂದ ಮೇಲೆ ದೀರ್ಘಕಾಲದ ಪ್ಲಾನಿಗೆ ಅರ್ಥವಿಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಸಂಶೋಧಕ ಮೈಕೆಲ್ ಅರ್ಲ್ 1993ರಲ್ಲಿ 27 ಕಂಪನಿಗಳನ್ನು ಅಧ್ಯಯನ ಮಾಡಿ, ವಿವಿಧ ವಿಭಾಗದವರು ಒಟ್ಟಿಗೆ ಕೂತು, ಕಲಿಯುತ್ತಾ, ನಿರಂತರವಾಗಿ ತಿದ್ದಿಕೊಳ್ಳುವ ರೀತಿಯೇ ಹೆಚ್ಚು ಫಲ ಕೊಡುತ್ತದೆ ಎಂದಿದ್ದರು. ಅಜೈಲ್ ಪ್ರಣಾಳಿಕೆ ಬಂದದ್ದು 2001ರಲ್ಲಿ.

ಕೊನೆಯ ಆಕ್ಷೇಪವನ್ನು ಮಾತ್ರ ನಾನು ಅರ್ಧ ಒಪ್ಪುತ್ತೇನೆ: ಸಂಶೋಧನಾ ಪತ್ರಿಕೆಗಳನ್ನು ಓದಲಾಗದು. ಹೌದು, ಕಷ್ಟ. ಇದನ್ನು ಸಂಶೋಧಕರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಬೆನ್‌ಬಸಾಟ್ ಮತ್ತು ಜ್ಮಡ್ 1999ರಲ್ಲಿ ತಮ್ಮ ಕ್ಷೇತ್ರದ ಪ್ರಮುಖ ಪತ್ರಿಕೆಯಲ್ಲೇ ಈ ದೂರು ಬರೆದರು. ಆದರೆ ಓದಲು ಕಷ್ಟ ಎಂಬುದು ಬೇರೆ, ಸುಳ್ಳು ಎಂಬುದು ಬೇರೆ. ವೈದ್ಯರ ಅಕ್ಷರ ಓದಲಾಗದಿದ್ದರೆ ಔಷಧ ಅಂಗಡಿಯವರನ್ನು ಕೇಳುತ್ತೇವೆ, ಕಾಯಿಲೆಯೇ ಇಲ್ಲ ಎನ್ನುವುದಿಲ್ಲ.

ನಮ್ಮಲ್ಲಿ ಎಷ್ಟೋ ಮಂದಿ ಈಗ ಕೋಡ್ ಬರೆಯುವ ಮಟ್ಟ ದಾಟಿ ಗುತ್ತಿಗೆಗಳಿಗೆ ಸಹಿ ಹಾಕುವ ಕೋಣೆಗಳಲ್ಲಿ ಕೂರುತ್ತಿದ್ದಾರೆ. ಅವರಲ್ಲಿ ಒಂದು ಕೋರಿಕೆ: ಮುಂದಿನ ಸಲ ಐದು ವರ್ಷದ ಪ್ಲಾನ್ ಮೇಜಿನ ಮೇಲೆ ಬಂದಾಗ, ಇದರ ಜಾರಿಗೆ ನಮ್ಮ ಕಚೇರಿಯೊಳಗೆ ಹೆಸರು ಹೇಳಿ ಹೊಣೆ ಹೊರುವವರು ಯಾರು ಎಂದು ಕೇಳಿ. ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.