ಮೊದಲು ಹುಲ್ಲು, ಆಮೇಲೆ ಮೊಲ

ಮಕ್ಕಳೇ, ಒಂದು ಮೊಲದ ಚಿತ್ರ ಬರೆಯಿರಿ ಎಂದರೆ ನೀವು ಏನು ಬರೆಯುತ್ತೀರಿ? ಎರಡು ಉದ್ದ ಕಿವಿ, ಪುಟ್ಟ ಬಾಲ, ಬಾಯಿಯ ಹತ್ತಿರ ಒಂದು ಕ್ಯಾರೆಟ್! ಕಾರ್ಟೂನುಗಳು ನಮಗೆ ಕಲಿಸಿದ ಪಾಠ ಇದು. ಆದರೆ ಮೊಲದ ಮುಖ್ಯ ಆಹಾರ ಕ್ಯಾರೆಟ್ ಅಲ್ಲ, ಹುಲ್ಲು. ಕ್ಯಾರೆಟ್‌ನಲ್ಲಿ ಸಕ್ಕರೆಯ ಅಂಶ ಹೆಚ್ಚು. ನಮಗೆ ಮಿಠಾಯಿ ಹೇಗೋ ಮೊಲಕ್ಕೆ ಕ್ಯಾರೆಟ್ ಹಾಗೆ. ಎಂದಾದರೊಮ್ಮೆ ಒಂದು ಸಣ್ಣ ತುಂಡು ಕೊಟ್ಟರೆ ಸಾಕು.

ಇದನ್ನು ಹೇಳಿದರೆ ಕೆಲವರು ಒಪ್ಪುವುದಿಲ್ಲ. ‘ನಮ್ಮ ಮೊಲ ಬಿಸ್ಕತ್ತು, ಬ್ರೆಡ್ಡು, ಅನ್ನ ಎಲ್ಲವನ್ನೂ ತಿನ್ನುತ್ತದೆ’ ಎನ್ನುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಿಮಗೆ ಗೊತ್ತಲ್ಲವೇ? ಇದೂ ಹಾಗೆಯೇ. ತಿನ್ನುತ್ತದೆ ಎಂದ ಮಾತ್ರಕ್ಕೆ ಅದು ಒಳ್ಳೆಯ ಆಹಾರ ಎಂದು ಅರ್ಥವಲ್ಲ. ಕೊಟ್ಟರೆ ನಾವೂ ದಿನವಿಡೀ ಮಿಠಾಯಿ ತಿನ್ನುತ್ತೇವೆ!

ಬೆಂಗಳೂರಿನ ರಾಜಾಜಿನಗರದಂತಹ ಬಡಾವಣೆಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ಅನೇಕ ಕುಟುಂಬಗಳಿಗೆ ಇರುವುದು ಎರಡು ಕೋಣೆ, ಒಂದು ಬಾಲ್ಕನಿ. ಅಂತಹ ಮನೆಯ ಮಕ್ಕಳಿಗೂ ಮೊಲ ಸಾಕುವ ಆಸೆ ಇರುತ್ತದೆ. ಅದು ತಪ್ಪಲ್ಲ. ಆದರೆ ನನ್ನದೊಂದು ಅಭಿಪ್ರಾಯವಿದೆ. ಮೊಲ ತರುವ ಮೊದಲು ಒಂದು ತಿಂಗಳು ಅದರ ಆಹಾರವನ್ನು ನೀವೇ ಬೆಳೆದು ನೋಡಬೇಕು. ಬೆಳೆ ಬಂದರೆ ಮಾತ್ರ ಮೊಲದ ಮಾತು. ಏಕೆಂದು ವಿವರಿಸುತ್ತೇನೆ.

ಬೆಳೆಯುತ್ತಲೇ ಇರುವ ಹಲ್ಲು

ನಿಮ್ಮ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿದೆ. ಅದು ಒಂದು ಮಟ್ಟಕ್ಕೆ ಬೆಳೆದು ನಿಲ್ಲುತ್ತದೆ. ಮೊಲದ ಹಲ್ಲು ಹಾಗಲ್ಲ. ಅದಕ್ಕೆ 28 ಹಲ್ಲುಗಳಿವೆ, ಎಲ್ಲವೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ 52 ವಾರ. ಗುಣಿಸಿ ನೋಡಿ, ಸುಮಾರು 10 ಸೆಂಟಿಮೀಟರ್! ಅಷ್ಟುದ್ದದ ಹಲ್ಲಿನ ಮೊಲವನ್ನು ನಾವು ಕಾಣುವುದಿಲ್ಲ. ಏಕೆಂದರೆ ಒರಟಾದ ಹುಲ್ಲನ್ನು ದಿನವಿಡೀ ಅಗಿದು ಅಗಿದು ಹಲ್ಲು ಸವೆಯುತ್ತದೆ. ಮೆತ್ತನೆಯ ಬ್ರೆಡ್ಡು ತಿಂದರೆ ಹಲ್ಲು ಸವೆಯುವುದು ಹೇಗೆ? ಅದು ಅಡ್ಡಾದಿಡ್ಡಿಯಾಗಿ ಬೆಳೆದು ನಾಲಿಗೆ, ಕೆನ್ನೆಗೆ ಚುಚ್ಚುತ್ತದೆ. ಕೊನೆಗೆ ಮೊಲ ತಿನ್ನುವುದನ್ನೇ ಬಿಡುತ್ತದೆ.

ಇನ್ನು ಹೊಟ್ಟೆಯ ಕಥೆ. ಮೊಲದ ಕರುಳಿನಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ಅದರೊಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಅವು ಸೊಪ್ಪು ಹುಲ್ಲನ್ನು ಹುದುಗಿಸಿ ಪೋಷಕಾಂಶ ತಯಾರಿಸುತ್ತವೆ. ಹಾಗೆ ತಯಾರಾದದ್ದು ಮೆತ್ತನೆಯ ಹಿಕ್ಕೆಯಾಗಿ ಹೊರಬರುತ್ತದೆ. ಮೊಲ ಅದನ್ನು ಮತ್ತೆ ತಿನ್ನುತ್ತದೆ! ಅಸಹ್ಯಪಡಬೇಡಿ. ಹಸು ಮೆಲುಕು ಹಾಕುವುದಿಲ್ಲವೇ? ಮೊಲದ್ದು ಇನ್ನೊಂದು ಬಗೆಯ ಉಪಾಯ, ಅಷ್ಟೆ. ನಾವು ನೆಲದ ಮೇಲೆ ಕಾಣುವ ಗಟ್ಟಿ, ಒಣ, ದುಂಡನೆಯ ಹಿಕ್ಕೆ ಬೇರೆ.

ನಾರು ಕಡಿಮೆಯಾಗಿ ಸಕ್ಕರೆ, ಪಿಷ್ಟ ಹೆಚ್ಚಾದರೆ ಈ ಸೂಕ್ಷ್ಮಜೀವಿಗಳ ಲೋಕ ಏರುಪೇರಾಗುತ್ತದೆ. ಕರುಳಿನ ಚಲನೆ ನಿಧಾನವಾಗುತ್ತದೆ, ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕುಳಿತರೆ ಅದರ ಜೀವಕ್ಕೆ ಅಪಾಯ ಎಂದು ತಿಳಿಯಿರಿ. ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆಯೂ ಇದೆ.

ಒಂದು ಲೆಕ್ಕ ಮಾಡೋಣ

ಹಾಗಾದರೆ ಒಂದು ಮೊಲಕ್ಕೆ ಎಷ್ಟು ಹುಲ್ಲು ಬೇಕು? ಪೆನ್ಸಿಲ್ ತೆಗೆದುಕೊಳ್ಳಿ.

ನಿಮ್ಮ ಮೊಲದ ತೂಕ 2 ಕಿಲೋ ಎಂದಿಟ್ಟುಕೊಳ್ಳಿ. ಅದಕ್ಕೆ ದಿನಕ್ಕೆ ಸುಮಾರು 100 ಗ್ರಾಂ ಒಣ ಆಹಾರ ಬೇಕು. ಹಸಿ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಭಾಗದಷ್ಟು ನೀರೇ ಇರುತ್ತದೆ. ಅಂದರೆ 100 ಗ್ರಾಂ ಒಣ ಆಹಾರ ಸಿಗಬೇಕಾದರೆ 500 ಗ್ರಾಂ ಹಸಿ ಹುಲ್ಲು ಬೇಕು. ತಿಂಗಳಿಗೆ 15 ಕಿಲೋ!

ಈಗ ಒಂದು ಅಡಿ ಉದ್ದ, ಒಂದು ಅಡಿ ಅಗಲದ ತಟ್ಟೆಯಲ್ಲಿ ಗೋಧಿಹುಲ್ಲು ಬೆಳೆದಿರಿ ಎನ್ನೋಣ. ಹತ್ತು ದಿನಕ್ಕೆ 200 ಗ್ರಾಂ ಸಿಕ್ಕಿತು ಎಂದುಕೊಳ್ಳಿ. ದಿನಕ್ಕೆ ಎರಡೂವರೆ ತಟ್ಟೆ ಕೊಯ್ಯಬೇಕು. ಪ್ರತಿ ತಟ್ಟೆ ಬೆಳೆಯಲು ಹತ್ತು ದಿನ. ಹಾಗಾದರೆ ಸದಾ 25 ತಟ್ಟೆಗಳು ಬೆಳೆಯುತ್ತಿರಬೇಕು. 8 ಅಡಿ ಉದ್ದ, 3 ಅಡಿ ಅಗಲದ ಬಾಲ್ಕನಿಯ ವಿಸ್ತೀರ್ಣವೇ 24 ಚದರಡಿ. ಬಟ್ಟೆ ಒಣಗಿಸಲು ಅಮ್ಮ ಎಲ್ಲಿ ನಿಲ್ಲಬೇಕು?

ಈ ಲೆಕ್ಕ ನಮಗೆ ಏನು ಹೇಳುತ್ತದೆ? ಬಾಲ್ಕನಿಯ ಕುಂಡಗಳಿಂದಲೇ ಮೊಲದ ಹೊಟ್ಟೆ ಪೂರ್ತಿ ತುಂಬುವುದಿಲ್ಲ. ದಿನದ ಆಹಾರದ ದೊಡ್ಡ ಭಾಗ ಒಣಹುಲ್ಲೇ ಆಗಿರಬೇಕು. ಅದನ್ನು ಹೊರಗಿನಿಂದ ತರಬೇಕು. ಆದರೆ ಒಣಹುಲ್ಲಿನ ಜೊತೆಗೆ ದಿನಕ್ಕೆ 100 ಗ್ರಾಂನಷ್ಟು ಹಸಿ ಸೊಪ್ಪು ಬೇಕಲ್ಲ? ಅದನ್ನು ಖಂಡಿತ ಬೆಳೆಯಬಹುದು. ಅದೇ ಲೆಕ್ಕದಲ್ಲಿ ಐದು ತಟ್ಟೆಯ ಜಾಗ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ನಿಮ್ಮ ಮನೆಯ ತಟ್ಟೆಯಲ್ಲಿ 200 ಗ್ರಾಂ ಬರುತ್ತದೋ ಕಡಿಮೆ ಬರುತ್ತದೋ? ಅದು ಬಿಸಿಲು, ನೀರು, ಬೀಜವನ್ನು ಅವಲಂಬಿಸಿದೆ. ಆದ್ದರಿಂದ ನನ್ನ ಸಂಖ್ಯೆಯನ್ನು ನಂಬಬೇಡಿ. ಕೊಯ್ದು, ತೂಗಿ, ದಿನಾಂಕದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಳೆದು ನೋಡಿದ್ದನ್ನು ನಂಬುವುದೇ ವಿಜ್ಞಾನ.

ಏನು ಬೆಳೆಯಬಹುದು?

ಗೋಧಿಹುಲ್ಲು ಎಲ್ಲಕ್ಕಿಂತ ಸುಲಭ. ದಿನಸಿ ಅಂಗಡಿಯ ಗೋಧಿಯನ್ನು ಒಂದು ರಾತ್ರಿ ನೆನೆಸಿ. ತೂತುಗಳಿರುವ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ಮೇಲೆ ಗೋಧಿ ಚೆಲ್ಲಿ ತೆಳುವಾಗಿ ಮಣ್ಣು ಮುಚ್ಚಿ. ಎಂಟು ಹತ್ತು ದಿನಕ್ಕೆ ಗೇಣುದ್ದ ಬೆಳೆಯುತ್ತದೆ. ಬೂಷ್ಟು ಹಿಡಿದರೆ ಎಸೆಯಬೇಕು, ಮೊಲಕ್ಕೆ ಕೊಡಬಾರದು. ಬಿತ್ತನೆಗೆಂದು ಔಷಧಿ ಲೇಪಿಸಿದ ಬಣ್ಣದ ಬೀಜ ಬೇಡವೇ ಬೇಡ.

ಗಣೇಶನ ಪೂಜೆಗೆ ತರುವ ಗರಿಕೆಯನ್ನು ಬೇರು ಸಮೇತ ತಂದು ಅಗಲವಾದ ಕುಂಡದಲ್ಲಿ ನೆಡಿ. ಕತ್ತರಿಸಿದಷ್ಟೂ ಚಿಗುರುತ್ತದೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಪುದೀನದ ಎಲೆ ಬಿಡಿಸಿದ ಮೇಲೆ ಉಳಿಯುವ ಕಡ್ಡಿಯನ್ನೇ ಚುಚ್ಚಿದರೆ ಸಾಕು, ಅರ್ಧ ನೆರಳಿನಲ್ಲೂ ಬೆಳೆಯುತ್ತದೆ. ಮೂಲಂಗಿ ಬೆಳೆದರೆ ಗೆಡ್ಡೆ ನಿಮ್ಮ ಸಾಂಬಾರಿಗೆ, ಎಲೆ ಮೊಲಕ್ಕೆ. ದಾಸವಾಳದ ಕಡ್ಡಿ ನೆಟ್ಟರೆ ಹೂವು ದೇವರಿಗೆ, ಎಲೆ ಮೊಲಕ್ಕೆ.

ಕುದುರೆ ಮಸಾಲೆ ಸೊಪ್ಪಿನಲ್ಲಿ ಪ್ರೋಟೀನು, ಸುಣ್ಣದ ಅಂಶ ಹೆಚ್ಚು. ಮರಿಗಳಿಗೆ ಒಳ್ಳೆಯದು, ಬೆಳೆದ ಮೊಲಕ್ಕೆ ಸ್ವಲ್ಪವೇ ಸಾಕು. ಯಾವುದೇ ಹೊಸ ಸೊಪ್ಪನ್ನು ಮೊದಲ ದಿನ ಒಂದೆರಡು ಎಲೆ ಮಾತ್ರ ಕೊಡಬೇಕು. ಸೀಕಮ್ಮಿನ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಸಮಯ ಬೇಕು.

ಹೊಸ ಕುಂಡಗಳನ್ನು ಕೊಳ್ಳಬೇಕಿಲ್ಲ. ಒಡೆದ ಬಕೆಟ್ಟು, ಅರ್ಧ ಕತ್ತರಿಸಿದ ನೀರಿನ ಕ್ಯಾನು, ಅಕ್ಕಿಯ ಚೀಲ ಸಾಕು. ಆದರೆ ಒದ್ದೆ ಮಣ್ಣು ತುಂಬಾ ಭಾರ. 10 ಲೀಟರಿನ ಒಂದು ಬಕೆಟ್ಟು ಮಣ್ಣು 15 ಕಿಲೋಗೂ ಹೆಚ್ಚು ತೂಗುತ್ತದೆ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿದರೆ ಹಗುರವಾಗುತ್ತದೆ. ತಾರಸಿಯಲ್ಲಿ ಇಡುವುದಾದರೆ ಮನೆಯ ಮಾಲೀಕರನ್ನು ಕೇಳಿ ಇಡಿ. ಗಿಡ ತಾರಸಿಯ ಮೇಲಿರಲಿ, ಮೊಲ ಮಾತ್ರ ಬೇಡ. ಅದು ನಮ್ಮಂತೆ ಬೆವರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಕಾದ ಕಾಂಕ್ರೀಟು ಅದನ್ನು ಕೊಲ್ಲಬಹುದು.

ಬೆಂಗಳೂರಿಗೆ ತಾರಸಿ ತೋಟ ಹೊಸದಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟವಿಜ್ಞಾನಿಯಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ಅವರು ನೂರಾರು ಮಂದಿಗೆ ತಾರಸಿಯಲ್ಲಿ ಸಾವಯವ ತರಕಾರಿ ಬೆಳೆಯುವುದನ್ನು ಕಲಿಸಿದರು. 2011ರಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳಗಳು ಆರಂಭವಾದವು. ಮನುಷ್ಯರ ಊಟವನ್ನೇ ಬೆಳೆಯುವ ತಾರಸಿಯಲ್ಲಿ ಮೊಲದ ಸೊಪ್ಪು ಬೆಳೆಯಲಾರದೇ?

ನೀರಿನ ವಿಷಯವನ್ನೂ ಮರೆಯಬಾರದು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಉಂಟಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ! ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಐದಾರು ಕುಂಡಗಳಿಗೆ ಸಾಕಾಗುತ್ತದೆ. ಸೋಪಿನ ನೀರು ಬೇಡ.

ಇವು ಬೇಡ

ಮನೆಯ ಸುತ್ತ ಇರುವ ಹಸಿರೆಲ್ಲ ಆಹಾರವಲ್ಲ. ಕಣಗಿಲೆ ತೀವ್ರ ವಿಷ. ನಿತ್ಯಪುಷ್ಪ, ಲಂಟಾನ, ಮನಿ ಪ್ಲಾಂಟ್, ಟೊಮೇಟೊ ಮತ್ತು ಆಲೂಗಡ್ಡೆ ಗಿಡದ ಎಲೆ, ಈರುಳ್ಳಿ, ಬೆಳ್ಳುಳ್ಳಿ ಯಾವುದನ್ನೂ ಕೊಡಬಾರದು. ಎಳೆಯ ಜೋಳದ ಪೈರನ್ನು ದನಕ್ಕೆ ಮೇಯಿಸಬಾರದು ಎಂದು ನಿಮ್ಮ ಅಜ್ಜ ಹೇಳಿರಬಹುದು. ಅದರಲ್ಲಿ ಸಯನೈಡ್ ವಿಷ ಹುಟ್ಟಿಸುವ ರಾಸಾಯನಿಕವಿದೆ. ಆದ್ದರಿಂದ ಗೋಧಿಯ ಬದಲು ಜೋಳ ಬೆಳೆದು ಮೊಲಕ್ಕೆ ಕೊಡಬೇಡಿ.

ಡಾ. ರಾಜ್‌ಕುಮಾರ್ ರಸ್ತೆಯ ಬದಿಯಲ್ಲೋ ಕಾರ್ಡ್ ರಸ್ತೆಯ ಬದಿಯಲ್ಲೋ ಬೆಳೆದ ಹುಲ್ಲು ಪುಕ್ಕಟೆಯಾಗಿ ಸಿಗಬಹುದು. ಅದರ ಮೇಲೆ ವಾಹನಗಳ ಹೊಗೆ, ಧೂಳು ಕುಳಿತಿರುತ್ತದೆ. ನಾಯಿಗಳ ಮೂತ್ರವೂ ಬಿದ್ದಿರುತ್ತದೆ. ಅದೂ ಬೇಡ.

‘ಮಾರುಕಟ್ಟೆಯಲ್ಲಿ ಸಿಗುತ್ತದಲ್ಲ?’

ಹೌದು, ಸೊಪ್ಪು ಮಾರುಕಟ್ಟೆಯಲ್ಲಿ ಸಿಗುತ್ತದೆ. ತಳ್ಳುಗಾಡಿಯವರು ಕಿತ್ತು ಹಾಕುವ ಮೂಲಂಗಿ ಎಲೆ, ಹೂಕೋಸಿನ ಹೊರ ಎಲೆಗಳನ್ನು ಕೇಳಿದರೆ ಸುಮ್ಮನೆ ಕೊಡುತ್ತಾರೆ. ಚೆನ್ನಾಗಿ ತೊಳೆದು ಸ್ವಲ್ಪ ಕೊಡಬಹುದು. ಹಾಗಿದ್ದರೂ ಒಂದು ತಿಂಗಳು ಬೆಳೆಯಿರಿ ಎಂದು ನಾನು ಹೇಳುವುದೇಕೆ?

ಏಕೆಂದರೆ ಕೊಳ್ಳಲು ಹಣ ಸಾಕು, ಬೆಳೆಯಲು ದಿನನಿತ್ಯದ ಗಮನ ಬೇಕು. ಮೊಲಕ್ಕೆ ಬೇಕಾದದ್ದೂ ಅದೇ. ಪರೀಕ್ಷೆ ಇದ್ದ ದಿನವೂ ಗಿಡಕ್ಕೆ ನೀರು ಹಾಕಿದಿರಾ? ಹಬ್ಬಕ್ಕೆ ಊರಿಗೆ ಹೋದಾಗ ಪಕ್ಕದ ಮನೆಯವರಿಗೆ ಹೇಳಿ ಹೋದಿರಾ? ಒಂದು ತಟ್ಟೆ ಗೋಧಿಹುಲ್ಲು ಒಣಗಿದರೆ ಮತ್ತೆ ಬಿತ್ತಬಹುದು. ಮೊಲ ಹಸಿದರೆ ಹಾಗಲ್ಲ. ಅದು ನಾಯಿಯಂತೆ ಬೊಗಳಿ, ಬೆಕ್ಕಿನಂತೆ ಕೂಗಿ ಹಸಿವನ್ನು ತಿಳಿಸುವುದಿಲ್ಲ. ಸದ್ದಿಲ್ಲದೆ ಮೂಲೆಯಲ್ಲಿ ಕೂರುತ್ತದೆ.

ಚೆನ್ನಾಗಿ ಸಾಕಿದ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಏಳನೇ ತರಗತಿಯಲ್ಲಿ ತಂದ ಮೊಲ ನೀವು ಡಿಗ್ರಿ ಮುಗಿಸಿದ ಮೇಲೂ ಇರಬಹುದು! ಇನ್ನೊಂದು ಮಾತು. ಗಂಡು ಹೆಣ್ಣು ಎರಡನ್ನೂ ತಂದು ಒಟ್ಟಿಗೆ ಬಿಟ್ಟರೆ ಸುಮಾರು 31 ದಿನಕ್ಕೇ ಮರಿಗಳು ಹುಟ್ಟಬಹುದು. ಆಗ ನಿಮ್ಮ ಐದು ತಟ್ಟೆಯ ಲೆಕ್ಕ ಏನಾಗುತ್ತದೆ? 1859ರಲ್ಲಿ ಆಸ್ಟ್ರೇಲಿಯಾದಲ್ಲಿ ಥಾಮಸ್ ಆಸ್ಟಿನ್ ಎಂಬವರು ಬೇಟೆಗೆಂದು ಕೆಲವೇ ಮೊಲಗಳನ್ನು ಬಿಟ್ಟರು. ಅವು ಕೋಟಿಗಟ್ಟಲೆಯಾಗಿ ಹೆಚ್ಚಿ ಆ ದೇಶದ ಹುಲ್ಲುಗಾವಲುಗಳನ್ನೇ ಬೋಳಿಸಿದವು.

ಬೆಳೆಯಲಾಗದಿದ್ದರೆ?

ಮುದ್ದಾಗಿದೆ ಎಂದು ತಂದು, ಬೇಸರವಾದ ಮೇಲೆ ಪಾರ್ಕಿನಲ್ಲಿ ಬಿಟ್ಟುಬರುವವರಿದ್ದಾರೆ. ‘ಅಲ್ಲಿ ಹುಲ್ಲಿದೆ, ಬದುಕಿಕೊಳ್ಳುತ್ತದೆ’ ಎಂದು ಅವರ ಸಮಾಧಾನ. ಬಿಳಿ ಬಣ್ಣದ ಸಾಕು ಮೊಲ ಹಸಿರು ಹುಲ್ಲಿನ ಮೇಲೆ ದೂರಕ್ಕೇ ಕಾಣುತ್ತದೆ. ನಾಯಿ, ಬೆಕ್ಕು, ಹದ್ದುಗಳಿಂದ ಅದು ತಪ್ಪಿಸಿಕೊಳ್ಳುವುದು ಕಷ್ಟ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹಳ್ಳಿಯ ಮಕ್ಕಳಿಗೂ ಒಂದು ಮಾತು. ನಿಮ್ಮ ಹೊಲದಲ್ಲಿ ಓಡುವ ಕಂದು ಬಣ್ಣದ ಕಾಡುಮೊಲ ಬೇರೆಯೇ ಜಾತಿ. ಸಾಕು ಮೊಲದ ಮೂಲ ಯುರೋಪು. ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವಂತಿಲ್ಲ.

ಒಂದು ತಿಂಗಳ ಕೊನೆಯಲ್ಲಿ ನಿಮ್ಮ ನೋಟ್‌ಬುಕ್ ತೆರೆಯಿರಿ. ದಿನಕ್ಕೆ 100 ಗ್ರಾಂ ಸೊಪ್ಪು ಬಂದಿದೆಯೇ? ಒಣಹುಲ್ಲು ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ಮನೆಯ ಹಿರಿಯರೊಂದಿಗೆ ವಿಚಾರಿಸಿದಿರಾ? ಎರಡಕ್ಕೂ ಹೌದು ಎಂದಾದರೆ ಮೊಲದ ವಿಷಯವನ್ನು ಅಪ್ಪ ಅಮ್ಮನ ಮುಂದಿಡಿ. ನಿಮ್ಮ ನೋಟ್‌ಬುಕ್ಕೇ ನಿಮ್ಮ ಪರವಾಗಿ ಮಾತನಾಡುತ್ತದೆ. ಮೊಲ ಬಂದ ಮೇಲೆ ಅದರ ಹಿಕ್ಕೆ ಕುಂಡಗಳಿಗೆ ಒಳ್ಳೆಯ ಗೊಬ್ಬರವಾಗುತ್ತದೆ. ಹುಲ್ಲು ಮೊಲಕ್ಕೆ, ಹಿಕ್ಕೆ ಹುಲ್ಲಿಗೆ!

ಇಲ್ಲ ಎಂದಾದರೆ ಮೊಲ ಬೇಡ ಎನ್ನುವುದೇ ಸರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಾಕಲಾಗದ ಪ್ರಾಣಿಯನ್ನು ತರದಿರುವುದೂ ಪ್ರಾಣಿಪ್ರೀತಿಯೇ. ಬೆಳೆದ ಕೊತ್ತಂಬರಿ, ಪುದೀನ ಎಲ್ಲಿಗೂ ಹೋಗುವುದಿಲ್ಲ, ಅಮ್ಮ ಚಟ್ನಿ ಮಾಡುತ್ತಾರೆ. ಇಂದೇ ಒಂದು ಹಿಡಿ ಗೋಧಿ ನೆನೆಹಾಕಿ ನೋಡಿ.