ಕೊಲ್ಲದ ಕೊಲೆಗಾರ

ಪತ್ತೇದಾರಿ ಕಾದಂಬರಿಯನ್ನು ಕಾಲಹರಣದ ಓದೆಂದು ಬದಿಗಿಡುವವರು ಅಗಾಥಾ ಕ್ರಿಸ್ಟಿಯ ‘ಕರ್ಟನ್’ (1975) ಕೃತಿಯನ್ನೊಮ್ಮೆ ಓದಬೇಕು. ಪತ್ತೇದಾರ ಪ್ವಾರೋನ ಕೊನೆಯ ಪ್ರಕರಣವಿದು. ಇಲ್ಲಿನ ಪಾತಕಿ ನಾರ್ಟನ್ ಸ್ವತಃ ಯಾರನ್ನೂ ಕೊಲ್ಲುವುದಿಲ್ಲ. ಅನ್ಯರ ಮನದಲ್ಲಿ ಹುದುಗಿದ ದ್ವೇಷವನ್ನು ನಯವಾದ ಮಾತುಗಳಿಂದ ಕೆರಳಿಸಿ, ಅವರನ್ನು ಕೊಲೆಗೆ ಪ್ರೇರಿಸುತ್ತಾನೆ. ಕಾನೂನಿನ ಕಣ್ಣಿಗೆ ಅವನು ನಿರಪರಾಧಿ.

ಜೈನ ಕರ್ಮಸಿದ್ಧಾಂತ ಅವನನ್ನು ಹಾಗೆ ಬಿಡದು. ತಾನು ಮಾಡಿದ ‘ಕೃತ’, ಅನ್ಯರಿಂದ ಮಾಡಿಸಿದ ‘ಕಾರಿತ’, ಮಾಡಿದ್ದನ್ನು ಒಪ್ಪಿದ ‘ಅನುಮತ’ ಮೂರೂ ಕರ್ಮಾಸ್ರವಕ್ಕೆ ಕಾರಣಗಳೇ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆ ತಾಯಿ ಮಗನನ್ನು ಭವಭವಗಳಲ್ಲಿ ತೊಳಲಿಸುತ್ತದೆ. ಹಿಂಸೆಯ ಮೂಲನೆಲೆ ಮನಸ್ಸೆಂಬುದು ಕ್ರಿಸ್ಟಿಗೂ ಹೊಳೆದಂತಿದೆ.

ಆದರೆ ಬೇರೆ ದಾರಿ ಕಾಣದ ಪ್ವಾರೋ ತಾನೇ ನಾರ್ಟನ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಈ ಪರಿಹಾರವನ್ನು ನಾನು ಒಪ್ಪಲಾರೆ. ಕೆಸರನ್ನು ಕೆಸರಿನಿಂದ ತೊಳೆಯಲಾಗದು. ತಾನು ಮಾಡಿದ್ದು ಸರಿಯೆಂದು ಪ್ವಾರೋ ಕೂಡ ನಿಶ್ಚಯವಾಗಿ ಹೇಳಲಾರ. ಹೃದ್ರೋಗದ ಔಷಧಿಯನ್ನು ಕೈಗೆಟುಕದಂತೆ ಸರಿಸಿ, ದೇವರ ತೀರ್ಪಿಗೆ ತನ್ನನ್ನೊಪ್ಪಿಸಿಕೊಳ್ಳುತ್ತಾನೆ. ಇದನ್ನು ಸಲ್ಲೇಖನದ ಸಮಾಧಾನದೊಡನೆ ಹೋಲಿಸಲಾಗದು. ಇದು ಕೊಂದವನ ಕಳವಳ. ಆ ಕಳವಳವನ್ನು ಲೇಖಕಿ ಮರೆಮಾಚದಿರುವುದರಿಂದಲೇ ಈ ಕೃತಿ ಕೇವಲ ಒಗಟಾಗಿ ಮುಗಿಯುವುದಿಲ್ಲ.