ಪಾರ್ಸೆಲ್ ಕವರಿನ ಪಿನ್ನಿಗೆ ಹೊಣೆ ಯಾರು?

ಪಾರ್ಸೆಲ್ ಬಂತು. ಕವರ್‌ಗೆ ಬಿಲ್ ಅಂಟಿದೆ, ಬಿಲ್‌ಗೆ ಎರಡು ಸ್ಟೇಪ್ಲರ್ ಪಿನ್. ಹಸಿವಲ್ಲಿ ಯಾರು ನೋಡ್ತಾರೆ? ಪರ್ ಅಂತ ಹರೀತೀವಿ. ಒಂದು ಪಿನ್ ನೆಲಕ್ಕೆ ಬಿತ್ತು. ಇನ್ನೊಂದು?

ಅಪಾಯ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಟೀ ಬ್ಯಾಗ್‌ಗಳಲ್ಲಿ ಸ್ಟೇಪ್ಲರ್ ಪಿನ್ ಬಳಸಬೇಡಿ ಎಂದು ಎಫ್‌ಎಸ್‌ಎಸ್‌ಎಐ 2017ರಲ್ಲೇ ಆದೇಶಿಸಿತ್ತು. ಬಿಸಿನೀರಲ್ಲಿ ಅದ್ದಿ ಬಿಸಾಡುವ ಚೀಲಕ್ಕೆ ಇರುವ ಈ ಎಚ್ಚರ, ನೇರ ಬಾಯಿಗೆ ಹೋಗುವ ಚಿತ್ರಾನ್ನದ ಪೊಟ್ಟಣಕ್ಕೆ ಯಾಕಿಲ್ಲ?

ನುಂಗಿದ ವಸ್ತುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಹೋಗುತ್ತವೆ, ನಿಜ. ಆದರೆ ಚೂಪಾದವುಗಳ ಲೆಕ್ಕವೇ ಬೇರೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಗೋಡೆ ತೂತಾಗಬಹುದು, ಸೋಂಕು ಎದೆಗೂಡಿಗೆ ಹರಡಬಹುದು. ಕೆಳಗಿಳಿದರೆ ಸಣ್ಣಕರುಳು ದೊಡ್ಡಕರುಳು ಸೇರುವ ಇಕ್ಕಟ್ಟಿನ ಜಾಗದಲ್ಲಿ ಚುಚ್ಚಬಹುದು. ನಮ್ಮಲ್ಲೋ ಗಂಟಲಲ್ಲಿ ಏನೇ ಸಿಕ್ಕರೂ "ಬಾಳೆಹಣ್ಣು ನುಂಗು, ಅನ್ನದ ಉಂಡೆ ನುಂಗು" ಅನ್ನೋ ಮನೆಮದ್ದು. ಅದು ಪಿನ್ನನ್ನು ಇನ್ನಷ್ಟು ಒಳಕ್ಕೆ ತಳ್ಳಬಹುದು. ತಡಮಾಡದೆ ಎಕ್ಸ್‌ರೇ, ಬೇಕಿದ್ದರೆ ಎಂಡೋಸ್ಕೋಪಿ: ದಾರಿ ಅದೊಂದೇ.

ಕಾನೂನು ಇದೆ. ಆಹಾರ ಸುರಕ್ಷತಾ ಕಾಯ್ದೆ, 2006ರ 54ನೇ ಸೆಕ್ಷನ್ ಪ್ರಕಾರ ಆಹಾರದಲ್ಲಿ ಹೊರಗಿನ ವಸ್ತು ಸಿಕ್ಕರೆ 1 ಲಕ್ಷ ರೂಪಾಯಿವರೆಗೆ ದಂಡ. ತೊಡಕೇನೆಂದರೆ, ತಟ್ಟೆಯಲ್ಲಿ ಕಂಡ ಪಿನ್ನಿನ ಫೋಟೋ ತೆಗೆಯಬಹುದು. ನುಂಗಿದ ಪಿನ್ನಿನ ಸಾಕ್ಷಿ ಹೊಟ್ಟೆಯೊಳಗಿರುತ್ತೆ. ಅದು ಯಾವ ಹೋಟೆಲಿನದು, ಯಾವ ಹೊತ್ತಿನ ಊಟದ್ದು ಅಂತ ಸಾಬೀತು ಮಾಡೋದು ಹೇಗೆ? ಕೊನೆಗೆ ಆಸ್ಪತ್ರೆ ಬಿಲ್ ತಿಂದವರ ತಲೆಗೇ. ಹಾಗಾಗಿ ಆಮೇಲಿನ ದಂಡಕ್ಕಿಂತ ಮೊದಲಿನ ನಿಷೇಧವೇ ಕೆಲಸಕ್ಕೆ ಬರೋದು.

ಇಲ್ಲಿ ಪಿನ್ ಹೊಡೆದ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಆರ್ಡರ್ ಮೇಲೆ ಆರ್ಡರ್, ನಿಮಿಷದ ಲೆಕ್ಕ, ದಾರಿಯಲ್ಲಿ ಕವರ್ ಯಾರೂ ಬಿಚ್ಚಿಲ್ಲ ಅಂತ ತೋರಿಸುವ ಒತ್ತಡ. ಅವನ ಕೈಗೆ ಸ್ಟೇಪ್ಲರ್ ಕೊಟ್ಟವರು ಮಾಲೀಕರು, ಕಮಿಷನ್ ಎಣಿಸುವವರು ಆ್ಯಪ್‌ನವರು. ಹೊಣೆಯೂ ಅವರದ್ದೇ ಆಗಬೇಕು.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯ ಕೃತಕ ಬಣ್ಣಕ್ಕೆ ತಡೆ ಹಾಕಿತು. ಮನಸ್ಸು ಮಾಡಿದರೆ ಆಗುತ್ತೆ. ಪಿನ್ನಿಗಂತೂ ಪ್ರಯೋಗಾಲಯದ ವರದಿಯೂ ಬೇಡ, ಕಣ್ಣಿದ್ದರೆ ಸಾಕು. ಬದಲಿಗೆ ಅಂಟುವ ಟೇಪ್ ಇದೆ, ದಾರ ಇದೆ. ಬಾಳೆಎಲೆ ಸುತ್ತಿ ನಾರಿನಲ್ಲಿ ಕಟ್ಟಿ ಊಟ ಕೊಡ್ತಿದ್ದ ಊರು ನಮ್ಮದು, ಕಟ್ಟೋದನ್ನ ಯಾರೂ ಹೊಸದಾಗಿ ಕಲಿಸಬೇಕಿಲ್ಲ.